ಹೆಸರು ಗೊತ್ತಿಲ್ಲದ ಗಿಡ, ಬಾಗಿಲೊಳಗಿನ ಬೆಕ್ಕು

ನಾವು ಸುದ್ದಿ ಕಳಿಸುವ ಎರಡೂ ಊರುಗಳ ದೇವರ ಹೆಸರಿನಲ್ಲಿ ವಿಷದ ನೆನಪಿದೆ. ನಂಜನಗೂಡಿನ ದೇವರು ನಂಜುಂಡ, ಹಾಲಾಹಲ ಕುಡಿದು ಗಂಟಲಲ್ಲಿ ನಿಲ್ಲಿಸಿಕೊಂಡವನು. ತಿರುಮಕೂಡಲು ನರಸೀಪುರದ ದೇವರು ಗುಂಜಾ ನರಸಿಂಹಸ್ವಾಮಿ. ಗುಂಜಾ ಎಂದರೆ ಗುಲಗಂಜಿ. ಕಾಶಿಗಿಂತ ನಮ್ಮ ತಿರುಮಕೂಡಲು ಒಂದು ಗುಲಗಂಜಿ ತೂಕ ಹೆಚ್ಚು ಎಂಬ ಮಾತು ಈ ಕಡೆ ಎಲ್ಲರ ಬಾಯಲ್ಲೂ ಇದೆ. ಆ ಕೆಂಪು ಕಪ್ಪು ಬೀಜವನ್ನು ಅಗಿದು ನುಂಗಿದರೆ ಪ್ರಾಣಕ್ಕೇ ಸಂಚಕಾರ ಎಂಬುದೂ ಹಿರಿಯರಿಗೆ ಗೊತ್ತು.

ಹಾಗಾಗಿ ವಿಷದ ಗಿಡ ನಮ್ಮವರಿಗೆ ಹೊಸದಲ್ಲ. ಎಕ್ಕ, ದತ್ತೂರಿ, ಕಣಗಿಲೆ, ಹರಳು, ಗುಲಗಂಜಿ ಎಲ್ಲದರ ಹೆಸರೂ ಗೊತ್ತು, ಗುಣವೂ ಗೊತ್ತು. ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆ ಹೇಳುತ್ತೇವೆ. ಆದರೆ ಕಣಗಿಲೆ ಬೇಲಿಯ ಹತ್ತಿರ ಆಡು ಕಟ್ಟುವವರನ್ನು ನಾವಂತೂ ನೋಡಿಲ್ಲ.

ಈಗ ಮನೆಯೊಳಗೆ ಬಂದಿರುವ ಗಿಡಗಳ ಮಾತು ಬೇರೆ. ಗೂಡ್ಸ್ ಆಟೊದಲ್ಲಿ ಮೈಕ್ ಕಟ್ಟಿಕೊಂಡು ಕುಂಡ ಮಾರುವವರು ಹಳ್ಳಿಗೂ ಬರುತ್ತಾರೆ. ಗೃಹಪ್ರವೇಶಕ್ಕೆ ಗಿಡ ಉಡುಗೊರೆ ಕೊಡುವುದು ರೂಢಿಯಾಗಿದೆ. ಫೋನಿನಲ್ಲಿ ಬುಕ್ ಮಾಡಿದರೆ ಡಬ್ಬದಲ್ಲಿ ಗಿಡ ಮನೆಗೇ ಬರುತ್ತದೆ. ಟಿ.ವಿ. ಪಕ್ಕ ಒಂದು, ಕಿಟಕಿ ಮೇಲೊಂದು, ಹಜಾರದ ಮೂಲೆಗೊಂದು. ಹೆಸರೇನು ಎಂದು ಕೇಳಿದರೆ "ಶೋ ಗಿಡ" ಅನ್ನುತ್ತಾರೆ. ಅಷ್ಟಕ್ಕೇ ಮುಗಿಯಿತು.

ಅದೇ ಹೊತ್ತಿಗೆ ಬೆಕ್ಕೂ ಬಾಗಿಲೊಳಗೆ ಬಂದಿದೆ. 2022ರ ಅಕ್ಟೋಬರ್‌ನಿಂದ 2023ರ ಜನವರಿವರೆಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಪ್ರಾಣ ಕಳೆದುಕೊಂಡರು. ಆ ದಿನಗಳಲ್ಲಿ ಸಂಜೆಯಾದರೆ ಬಾಗಿಲು ಹಾಕಿಕೊಳ್ಳುವುದು ಅಭ್ಯಾಸವಾಯಿತು. ಚಿರತೆಯ ಮಾತು ತಣ್ಣಗಾದರೂ ಅಭ್ಯಾಸ ಉಳಿಯಿತು. ಜಗಲಿ ಮೇಲೆ, ಹುಲ್ಲಿನ ಮೆದೆ ಮೇಲೆ ಮಲಗುತ್ತಿದ್ದ ಬೆಕ್ಕುಗಳು ಈಗ ಎಷ್ಟೋ ಮನೆಗಳಲ್ಲಿ ರಾತ್ರಿಯೆಲ್ಲ ಒಳಗೇ. ಹೊರಗಿದ್ದಾಗ ಅವು ಕಡಿಯುತ್ತಿದ್ದುದು ಗರಿಕೆ. ಒಳಗೆ ಗರಿಕೆ ಎಲ್ಲಿಂದ ಬರಬೇಕು? ಬಾಯಿಗೆ ಸಿಗುವುದು ಶೋ ಗಿಡ.

ಇದನ್ನು ಬರೆಯಲು ಕಾರಣ ಒಂದು ಫೋನ್ ಕರೆ. ತಿ. ನರಸೀಪುರ ಕಡೆಯ ಒಂದು ಹಳ್ಳಿಯಿಂದ ಹೆಣ್ಣುಮಗಳೊಬ್ಬರು ಮಾಡಿದ್ದರು.

"ಅಣ್ಣ, ನಮ್ ಬೆಕ್ಕಿಗೆ ಪಕ್ಕದ್ ಮನೆಯವ್ರು ವಿಷ ಹಾಕವ್ರೆ. ನೀವು ಬಂದು ಒಂದ್ ಸುದ್ದಿ ಮಾಡ್ಬೇಕು. ಸ್ಟೇಷನ್‌ಗೂ ಹೋಯ್ತೀವಿ ನಾವು."

ಹೋದೆವು. ಬೆಕ್ಕು ಮಂಚದ ಕೆಳಗೆ ಮುದುಡಿ ಕೂತಿತ್ತು. ಮೊದಲ ರಾತ್ರಿ ಎರಡು ಮೂರು ಸಲ ವಾಂತಿ ಮಾಡಿತಂತೆ. ಮಾರನೇ ದಿನ ಸ್ವಲ್ಪ ಚೇತರಿಸಿಕೊಂಡ ಹಾಗೆ ಕಂಡಿತಂತೆ. ಆಮೇಲೆ ಅನ್ನ ಮುಟ್ಟಿಲ್ಲ, ಉಚ್ಚೆ ಹೊಯ್ದದ್ದನ್ನೂ ಯಾರೂ ನೋಡಿಲ್ಲ. ಪಕ್ಕದ ಮನೆಯ ಯಜಮಾನರು ಹಿಂದಿನ ವಾರ ಭತ್ತದ ಮೂಟೆಗಳ ಸಂದಿಯಲ್ಲಿ ಇಲಿ ಪಾಷಾಣ ಇಟ್ಟಿದ್ದರು. ಅದನ್ನು ಇಡೀ ಬೀದಿ ನೋಡಿತ್ತು. ಹಾಗಾಗಿ ಅನುಮಾನಕ್ಕೆ ಬೇರೆ ದಾರಿಯೇ ಇರಲಿಲ್ಲ. ಎರಡು ದಿನದಿಂದ ಎರಡು ಮನೆಗೂ ಮಾತಿಲ್ಲ, ನಲ್ಲಿ ಹತ್ತಿರ ಹೆಂಗಸರ ನಡುವೆ ಜಗಳ ಆಗಿತ್ತು.

ಸುದ್ದಿ ಮಾಡುವವರು ಎರಡೂ ಕಡೆ ಕೇಳಬೇಕಲ್ಲ. ಪಕ್ಕದ ಮನೆಗೂ ಹೋದೆವು. ಯಜಮಾನರು ತಲೆ ತಗ್ಗಿಸಿಕೊಂಡು ಹೇಳಿದರು: "ಇಲಿಗೆ ಇಟ್ಟಿದ್ದು ನಿಜ ಕಣಪ್ಪ. ಆ ಬೆಕ್ಕಿಗೆ ಯಾಕ್ ಇಡ್ಲಿ? ನಮ್ ಮೂಟೆನೂ ಕಾಯ್ತಿದ್ದುದು ಅದೇ ತಾನೆ."

ಪರಿಚಯದ ಪಶು ವೈದ್ಯರಿಗೆ ಫೋನ್ ಮಾಡಿ ಲಕ್ಷಣ ಹೇಳಿದೆವು. ಅವರು ಇಲಿ ಪಾಷಾಣದ ಬಗ್ಗೆ ಕೇಳಿದರು. ಅದರ ಜೊತೆಗೇ ಇನ್ನೊಂದು ಪ್ರಶ್ನೆ: "ಮನೆಯೊಳಗೆ ಯಾವ ಗಿಡ, ಯಾವ ಹೂವಿದೆ? ಎಲ್ಲದರ ಫೋಟೊ ಕಳಿಸಿ." ಆ ಮನೆಯ ಹುಡುಗಿಗೆ ಹೆಚ್ಚು ಅಂಕ ಬಂದಿದ್ದಕ್ಕೆ ಸನ್ಮಾನ ಮಾಡಿ ಬೊಕೆ ಕೊಟ್ಟಿದ್ದರು. ಹೂ ಬಾಡದಿರಲಿ ಎಂದು ಚೊಂಬಿನ ನೀರಿಗೆ ಹಾಕಿ ಟಿ.ವಿ. ಪಕ್ಕ ಇಟ್ಟಿದ್ದರು. ಅದರಲ್ಲಿ ದೊಡ್ಡ ದೊಡ್ಡ ಲಿಲ್ಲಿ ಹೂಗಳು. ಎರಡು ಎಲೆ ಅರ್ಧಕ್ಕೆ ಕಡಿದಿತ್ತು. ಬೆಕ್ಕಿನ ಮೂಗಿನ ಮೇಲೆ ಅರಿಶಿನ ಕಲೆಯ ಹಾಗೆ ಪರಾಗದ ಪುಡಿ ಇನ್ನೂ ಅಂಟಿಕೊಂಡಿತ್ತು.

ಫೋಟೊ ನೋಡಿದ ವೈದ್ಯರು ಹೇಳಿದ್ದು ಇಷ್ಟು: "ಮೂತ್ರಪಿಂಡ ಕೈಕೊಟ್ಟಿರುವ ಹಾಗಿದೆ. ತಿಂದ ದಿನವೇ ತಂದಿದ್ದರೆ ಡ್ರಿಪ್ ಹಾಕಿ ನೋಡಬಹುದಿತ್ತು." ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಕೊಂಡು ಹೊರಟರು. ದಾರಿಯಲ್ಲೇ ಅದು ಹೋಯಿತು. ಗುಂಡಿ ತೋಡಲು ಗುದ್ದಲಿ ತಂದವರು ಪಕ್ಕದ ಮನೆಯ ಯಜಮಾನರೇ. ಯಾರೂ ಹೆಚ್ಚು ಮಾತಾಡಲಿಲ್ಲ. ಸ್ಟೇಷನ್ ಮಾತೂ ಬರಲಿಲ್ಲ.

ಅದು ಪತ್ರಿಕೆಗೆ ಸುದ್ದಿಯಾಗಲಿಲ್ಲ. ಬೆಕ್ಕು ಸತ್ತರೆ ಜಿಲ್ಲಾ ಪುಟದಲ್ಲಿ ಜಾಗ ಇಲ್ಲ. ಆದರೆ ಒಂದು ಬೊಕೆಯಿಂದ ಎರಡು ಮನೆ ಮುರಿಯುವುದರಲ್ಲಿತ್ತು ಎಂಬುದು ನಮ್ಮ ತಲೆಯಿಂದ ಹೋಗಲಿಲ್ಲ. ಆಮೇಲೆ ಓದಿ, ಕೇಳಿ ತಿಳಿದದ್ದನ್ನು ಇಲ್ಲಿ ಇಡುತ್ತಿದ್ದೇವೆ.

ಮೊದಲು ಲಿಲ್ಲಿ. ಇದು ಮನುಷ್ಯರಿಗೆ ಅಂಥ ಕೆಡುಕು ಮಾಡುವುದಿಲ್ಲ. ನಾಯಿ ತಿಂದರೆ ಹೊಟ್ಟೆ ಕೆಡಬಹುದು, ಅಷ್ಟೇ. ಬೆಕ್ಕಿಗೆ ಮಾತ್ರ ಮೂತ್ರಪಿಂಡವನ್ನೇ ಕೊಲ್ಲುತ್ತದೆ. ಎಲೆ, ಹೂ, ಕಾಂಡ, ಪರಾಗ, ಕೊನೆಗೆ ಹೂ ಇಟ್ಟ ನೀರು ಎಲ್ಲವೂ ಅಪಾಯ. ಮೈಮೇಲೆ ಬಿದ್ದ ಪರಾಗವನ್ನು ನೆಕ್ಕಿಕೊಂಡರೂ ಸಾಕು. ಕೆಲವು ಗಂಟೆಗಳಲ್ಲಿ ವಾಂತಿ, ಜೊಲ್ಲು, ಮಂಕು. ನಡುವೆ ಸುಧಾರಿಸಿದ ಹಾಗೆ ಕಾಣುತ್ತದೆ, ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ಒಂದರಿಂದ ಮೂರು ದಿನದಲ್ಲಿ ಮೂತ್ರಪಿಂಡ ನಿಲ್ಲುತ್ತದೆ. ಇದಕ್ಕೆ ಮರುಮದ್ದಿಲ್ಲ. ತಿಂದ 18 ಗಂಟೆಯೊಳಗೆ ಡ್ರಿಪ್ ಶುರುವಾದರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ. ತಡವಾದಷ್ಟೂ ಕೈ ಜಾರುತ್ತದೆ.

ಗುರುತು ಹೇಗೆ? ಆರು ದಳದ, ತುತ್ತೂರಿಯ ಹಾಗೆ ಬಾಯಿ ತೆರೆದ ದೊಡ್ಡ ಹೂ. ಬಿಳಿ, ಗುಲಾಬಿ, ಹಳದಿ, ಕಿತ್ತಳೆ ಬಣ್ಣಗಳಲ್ಲಿ ಬರುತ್ತದೆ. ನಡುವೆ ಆರು ಕೇಸರ, ತುದಿಯಲ್ಲಿ ಬಟ್ಟೆಗೆ ತಾಗಿದರೆ ಹೋಗದ ಕಂದು ಪುಡಿ. ತೋಟದಲ್ಲಿ ಬೆಳೆಯುವ, ಒಂದು ಹೂ ಒಂದೇ ದಿನ ಅರಳಿರುವ ಡೇ ಲಿಲ್ಲಿಯೂ ಬೆಕ್ಕಿನ ಮೂತ್ರಪಿಂಡಕ್ಕೆ ಇಷ್ಟೇ ಕೆಟ್ಟದ್ದು. ಹಾಗೆಂದು ಲಿಲ್ಲಿ ಎಂದು ಕರೆಯುವುದೆಲ್ಲ ಇದಲ್ಲ. ಪೀಸ್ ಲಿಲ್ಲಿ ಬೇರೆ ಜಾತಿ, ಕೆರೆಯ ನೈದಿಲೆ ಬೇರೆ. ಬೆಕ್ಕಿರುವ ಮನೆಗೆ ಬೊಕೆ ಬಂದರೆ ಲಿಲ್ಲಿ ಹೂಗಳನ್ನು ಬಾಗಿಲಲ್ಲೇ ತೆಗೆದುಬಿಡಿ. ಗುಲಾಬಿ, ಜರ್ಬೆರಾ ಉಳಿಸಿಕೊಳ್ಳಿ, ಅವುಗಳಿಂದ ತೊಂದರೆ ಇಲ್ಲ.

ಎರಡನೆಯದು ಕೆಸವಿನ ಜಾತಿ. ಇದನ್ನು ನಮಗೆ ಕಲಿಸಿದ್ದು ಪುಸ್ತಕವಲ್ಲ, ಅವ್ವ. ಆ ಹಳ್ಳಿಯಿಂದ ಬಂದ ಮೇಲೆ ನಮ್ಮ ಮನೆಯ ಬೆಕ್ಕಿನ ಮೇಲೂ ಕಣ್ಣಿಟ್ಟಿದ್ದೆವು. ಒಂದು ದಿನ ಅದು ಬಾಯಿ ತೆರೆದು, ಮುಂಗಾಲಿನಿಂದ ಮೂತಿ ಉಜ್ಜುತ್ತಾ, ಜೊಲ್ಲು ಸುರಿಸುತ್ತಾ ನಿಂತಿತು. ಕಿಟಕಿಯ ಮನಿ ಪ್ಲಾಂಟಿನ ಎಲೆಯಲ್ಲಿ ಹಲ್ಲಿನ ಗುರುತು. ಅವ್ವ ಆ ಗಿಡದ ಹೊಸ ಚಿಗುರು ಸುರುಳಿ ಸುತ್ತಿಕೊಂಡು ಬಂದಿದ್ದನ್ನು ಬಿಡಿಸಿ ನೋಡಿ, "ಇದು ಕೆಸವಿನ್ ಜಾತಿದು ಕಣಪ್ಪ. ನಾಲ್ಗೆ ಕಡ್ದದೆ ಅದ್ಕೆ" ಅಂದರು.

ಸರಿಯಾಗಿಯೇ ಹೇಳಿದ್ದರು. ಮನಿ ಪ್ಲಾಂಟ್, ಡಿಫೆನ್‌ಬೇಕಿಯಾ, ಕೆಲಾಡಿಯಂ, ಸಿಂಗೋನಿಯಂ, ಪೀಸ್ ಲಿಲ್ಲಿ, ಆಂಥೂರಿಯಂ, ಮಾನ್‌ಸ್ಟೆರಾ, ಜೆಡ್‌ಜೆಡ್ ಗಿಡ ಎಲ್ಲವೂ ಕೆಸವಿನ ಬಳಗವೇ. ಇವುಗಳ ಎಲೆಯಲ್ಲಿ ಕಣ್ಣಿಗೆ ಕಾಣದ ಸೂಜಿಯಂಥ ಹರಳುಗಳಿರುತ್ತವೆ. ಅಗಿದ ಕೂಡಲೇ ಬಾಯಿ, ನಾಲಗೆ, ಗಂಟಲಿಗೆ ಚುಚ್ಚುತ್ತವೆ. ಕೆಸವಿನ ಸಾರಿಗೆ ಹುಣಸೆಹುಳಿ ಸಾಲದಾದಾಗ ನಮ್ಮ ಗಂಟಲು ತುರಿಸುತ್ತದಲ್ಲ, ಅದೇ ಸಂಕಟ. ಬೆಕ್ಕು ಸಾಮಾನ್ಯವಾಗಿ ಇದರಿಂದ ಸಾಯುವುದಿಲ್ಲ. ಬಾಯಿಯ ಸುತ್ತ ಒದ್ದೆ ಬಟ್ಟೆಯಲ್ಲಿ ಒರೆಸಿ, ನೀರೋ ಸ್ವಲ್ಪ ಮೊಸರೋ ಮುಂದಿಟ್ಟರೆ ತಾನಾಗಿ ನೆಕ್ಕುತ್ತದೆ. ನಮ್ಮ ಬೆಕ್ಕು ಸಂಜೆಗೆ ಸರಿಹೋಯಿತು. ಆದರೆ ಗಂಟಲು ಊದಿ ಉಸಿರಿಗೆ ಕಷ್ಟಪಟ್ಟರೆ ಕಾಯುವಂತಿಲ್ಲ, ವೈದ್ಯರೇ ಬೇಕು.

ಮೂರನೆಯದು ಕಣಗಿಲೆಯ ಬಳಗ. ಇದು ಹೃದಯಕ್ಕೆ ಹೊಡೆಯುತ್ತದೆ. ಬೇಲಿಯ ಕಣಗಿಲೆ, ಹಳದಿ ಕಣಗಿಲೆ ಎರಡೂ ಗೊತ್ತಿರುವುದೇ. ಅಡೇನಿಯಂ ಎಂದು ಕುಂಡದಲ್ಲಿ ಮಾರುವ, ಬುಡ ದಪ್ಪಗಿರುವ, ಗುಲಾಬಿ ಬಣ್ಣದ ಹೂವಿನ ಗಿಡವೂ ಇದೇ ಬಳಗದ್ದು ಎಂಬುದು ಬಹಳ ಜನಕ್ಕೆ ತಿಳಿಯದು. ಕಣಗಿಲೆ ಶಿವನಿಗೆ ಪ್ರೀತಿ, ಪೂಜೆಗೆ ಬೇಕೇ ಬೇಕು. ಪೂಜೆ ಆಗಲಿ. ನಿರ್ಮಾಲ್ಯವನ್ನು ಮಾತ್ರ ಬೆಕ್ಕು ಆಡುವ ಜಾಗಕ್ಕೆ ಎಸೆಯಬೇಡಿ. ಒಣಗಿದ ಎಲೆಯಲ್ಲೂ ವಿಷ ಹಾಗೇ ಇರುತ್ತದೆ. ವಿಷ ಕುಡಿದು ದಕ್ಕಿಸಿಕೊಂಡವನು ನಂಜುಂಡ ಒಬ್ಬನೇ. ಬಳಗ ಬೇರೆಯಾದರೂ ಹೃದಯಕ್ಕೇ ತೊಂದರೆ ಕೊಡುವ ಇನ್ನೊಂದು ಗಿಡ ಕಾಡುಬಸಳೆ. ಮೂತ್ರಪಿಂಡದ ಕಲ್ಲಿಗೆ ಒಳ್ಳೆಯದು ಎಂದು ಮನೆ ಮನೆಯಲ್ಲಿ ಕುಂಡಕ್ಕೆ ಹಾಕಿದ್ದಾರೆ. ಬೆಕ್ಕಿಗಂತೂ ಅದು ಮದ್ದಲ್ಲ.

ಇನ್ನು ಸೈಕಸ್. ಪುಟ್ಟ ಈಚಲು ಮರದ ಹಾಗೆ ಕಾಣುತ್ತದೆ, ಗರಿಯ ತುದಿ ಮುಟ್ಟಿದರೆ ಚುಚ್ಚುತ್ತದೆ. ಕಲ್ಯಾಣ ಮಂಟಪಗಳ ಮುಂದೆ, ಹೊಸ ಮನೆಗಳ ಗೇಟಿನ ಪಕ್ಕ ಇಡುತ್ತಾರೆ. ಬೆಕ್ಕು ನಾಯಿ ಎರಡಕ್ಕೂ ಪಿತ್ತಜನಕಾಂಗವನ್ನೇ ಹಾಳು ಮಾಡುತ್ತದೆ, ಬೀಜವಂತೂ ಇನ್ನೂ ಕೆಟ್ಟದ್ದು. ಅಂಗಳದ ನಿತ್ಯಪುಷ್ಪವೂ ತಿನ್ನುವಂಥದ್ದಲ್ಲ. ದೃಷ್ಟಿಗೆಂದು ಬಾಗಿಲಿಗೆ ಕಟ್ಟುವ ಲೋಳೆಸರ, ಸ್ನೇಕ್ ಪ್ಲಾಂಟ್, ಸೇವಂತಿಗೆ ಇವು ವಾಂತಿ ಭೇದಿ ತರುತ್ತವೆ, ಅಷ್ಟಕ್ಕೇ ನಿಲ್ಲುವುದು ಹೆಚ್ಚು. ಲೋಳೆಸರವನ್ನು ಮೇಲೆ ಕಟ್ಟುವುದೇ ನಮ್ಮ ಪದ್ಧತಿ, ಹಾಗೇ ಮೇಲೆ ಇರಲಿ. ಗುಲಾಬಿ, ಮಲ್ಲಿಗೆ, ತುಳಸಿ, ಬಾಳೆ, ಅರೇಕಾ ಪಾಮ್, ಸ್ಪೈಡರ್ ಪ್ಲಾಂಟ್ ಇವುಗಳಿಂದ ಬೆಕ್ಕಿಗೆ ವಿಷದ ಭಯವಿಲ್ಲ.

ಗಿಡ ಒಂದೇ ಅಲ್ಲ, ಕುಂಡದ ಮಣ್ಣನ್ನೂ ನೋಡಿ. ಗೊಬ್ಬರಕ್ಕೆಂದು ಹಾಕುವ ಹರಳು ಹಿಂಡಿಯ ವಾಸನೆಗೆ ಪ್ರಾಣಿಗಳು ಬಾಯಿ ಹಾಕುತ್ತವೆ. ಹರಳು ಬೀಜದ ವಿಷ ಅದರಲ್ಲಿ ಉಳಿದಿರಬಹುದು. ಹೊಸದಾಗಿ ತಂದ ಗಿಡಕ್ಕೆ ಕೀಟನಾಶಕ ಹೊಡೆದಿರುವುದೂ ಉಂಟು. ಎಲೆ ತೊಳೆದು, ಒಂದಷ್ಟು ದಿನ ಹೊರಗಿಟ್ಟು ಆಮೇಲೆ ಒಳಗೆ ತನ್ನಿ.

ಇಷ್ಟು ಹೇಳಿದಾಗ ಹಿರಿಯರೊಬ್ಬರು ನಕ್ಕರು. "ಬೆಕ್ಕಿಗೆ ಅದರ ಔಷಧಿ ಅದಕ್ಕೇ ಗೊತ್ತು ಬುಡಪ್ಪ" ಅಂದರು. ಅರ್ಧ ನಿಜ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು ಬೆಕ್ಕು ಸಾಕಿದ ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿ 2019ರಲ್ಲಿ ವರದಿ ಮಾಡಿದ್ದರು. ಶೇ. 71ರಷ್ಟು ಬೆಕ್ಕುಗಳು ಕನಿಷ್ಠ ಆರು ಸಲ ಹುಲ್ಲು, ಎಲೆ ತಿಂದದ್ದನ್ನು ಮನೆಯವರೇ ಕಂಡಿದ್ದರು. ಆಮೇಲೆ ವಾಂತಿ ಮಾಡುತ್ತಿದ್ದವು ಅದರಲ್ಲಿ ಕಡಿಮೆಯೇ. ಅಂದರೆ ಎಲೆ ಕಡಿಯುವುದು ಕಾಯಿಲೆಯಲ್ಲ, ಹುಟ್ಟುಗುಣ. ಹೊಟ್ಟೆಯ ಹುಳುಗಳನ್ನು ತಳ್ಳಿಹಾಕಲು ಕಾಡಿನ ಕಾಲದಿಂದ ಬಂದ ಅಭ್ಯಾಸ ಇರಬೇಕು ಎಂಬುದು ಅವರ ಊಹೆ. ಕುಪ್ಪಿಗಿಡದ ಬೇರು ಕಿತ್ತಿಟ್ಟರೆ ಬೆಕ್ಕು ಅದರ ಮೇಲೆ ಹೊರಳಾಡುವುದನ್ನು ನಮ್ಮ ಹಳ್ಳಿಯವರು ನೋಡಿಯೇ ಇದ್ದಾರೆ. ಗಿಡದ ಮೇಲೆ ಅದಕ್ಕೆ ಆಸೆ ಉಂಟು. ಆದರೆ ಬೇರೆ ದೇಶದಿಂದ ಬಂದು ಟಿ.ವಿ. ಪಕ್ಕ ಕುಳಿತ ಗಿಡದ ಗುಣವನ್ನು ಅದಕ್ಕೆ ಯಾವ ತಾಯಿ ಬೆಕ್ಕು ಕಲಿಸಿರುತ್ತದೆ?

ಹಾಗಾಗಿ ಎಲೆ ಕಡಿಯಬೇಡ ಎಂದು ಹೊಡೆದರೆ ಪ್ರಯೋಜನವಿಲ್ಲ. ಕಡಿಯಲು ಒಳ್ಳೆಯದನ್ನು ಕೊಡಬೇಕು. ಒಂದು ಹಳೆಯ ಡಬ್ಬಕ್ಕೆ ತೂತು ಮಾಡಿ, ಮಣ್ಣು ತುಂಬಿ, ಒಂದು ಹಿಡಿ ಇಡೀ ಗೋಧಿ ಹಾಕಿ ನೀರು ಚಿಮುಕಿಸಿ. ವಾರ ಹತ್ತು ದಿನದಲ್ಲಿ ಹಸಿರು ಹುಲ್ಲು. ಔಷಧಿ ಹೊಡೆಯದ ಜಾಗದ ಗರಿಕೆಯನ್ನು ಬೇರು ಸಮೇತ ತಂದು ನೆಟ್ಟರೂ ಆಯಿತು. ಜೋಳ ಮಾತ್ರ ಬೇಡ. ಎಳೆ ಜೋಳದ ಪೈರು ತಿಂದ ದನ ಏನಾಗುತ್ತದೆ ಎಂಬುದು ರೈತರಿಗೆ ಹೇಳಬೇಕಾಗಿಲ್ಲ. ಅಪಾಯದ ಗಿಡಗಳನ್ನು ಬೆಕ್ಕು ಬಾರದ ಕೋಣೆಗೆ ಅಥವಾ ಮನೆಯಿಂದಲೇ ಹೊರಗೆ ಹಾಕಿ. ಎತ್ತರದ ಕಪಾಟು ಸಾಲದು, ಬೆಕ್ಕಿಗೆ ಎತ್ತರ ಎನ್ನುವುದೇ ಇಲ್ಲ.

ಅಕಸ್ಮಾತ್ ತಿಂದೇಬಿಟ್ಟರೆ ಏನು ಮಾಡಬೇಕು? ಬಾಯಲ್ಲಿ ಉಳಿದ ಎಲೆ ತೆಗೆಯಿರಿ. ಮೈಮೇಲೆ ಪರಾಗ ಇದ್ದರೆ ಒದ್ದೆ ಬಟ್ಟೆಯಿಂದ ಒರೆಸಿ. ಎಷ್ಟು ಹೊತ್ತಿಗೆ ತಿಂದಿತು ನೆನಪಿಡಿ. ಗಿಡದ ಒಂದು ತುಂಡನ್ನು ಕವರಿನಲ್ಲಿ ಹಾಕಿ, ಫೋಟೊ ತೆಗೆದು ವೈದ್ಯರ ಹತ್ತಿರ ಒಯ್ಯಿರಿ. ಇಲಿ ಪಾಷಾಣವೋ, ಹೊಲದ ಔಷಧಿಯೋ, ಗಿಡವೋ ಎಂಬುದರ ಮೇಲೆ ಚಿಕಿತ್ಸೆ ಬದಲಾಗುತ್ತದೆ. ಮನೆಯಲ್ಲಿ ಇಲಿ ಪಾಷಾಣ ಇಟ್ಟಿದ್ದರೆ ಮುಚ್ಚಿಡದೆ ಹೇಳಿ, ಅದರ ಪ್ಯಾಕೆಟ್ಟನ್ನೂ ಒಯ್ಯಿರಿ.

ಮಾಡಬಾರದ್ದು ಮೂರು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಎಣ್ಣೆ, ಹಾಲು, ಮಜ್ಜಿಗೆ ಯಾವುದನ್ನೂ ಬಾಯಿ ಹಿಡಿದು ಸುರಿಯಬೇಡಿ, ಶ್ವಾಸಕೋಶಕ್ಕೆ ಹೋದರೆ ಅದೇ ಕೊಲ್ಲುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಜ್ವರದ ಮಾತ್ರೆ ಕೊಡಬೇಡಿ. ನಾವು ನುಂಗುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಹುದು. ಬೆಕ್ಕು ಅಪ್ಪಟ ಮಾಂಸಾಹಾರಿ. ಇಂಥ ಎಷ್ಟೋ ಪದಾರ್ಥಗಳನ್ನು ಮುರಿದು ಹೊರಹಾಕುವ ಶಕ್ತಿ ಅದರ ಪಿತ್ತಜನಕಾಂಗಕ್ಕೆ ಇಲ್ಲ. ನಮಗೆ ಆಗಿಬರುವುದು ಅದಕ್ಕೆ ಆಗಿಬರಬೇಕೆಂದಿಲ್ಲ.

ಬೆಕ್ಕನ್ನು ಎತ್ತಿಕೊಂಡು ದನದ ಆಸ್ಪತ್ರೆಗೆ ಹೋಗಲು ಜನ ಇನ್ನೂ ನಾಚುತ್ತಾರೆ. "ಬೆಕ್ಕಿಗೂ ಡಾಕ್ಟ್ರಾ?" ಎಂದು ಯಾರಾದರೂ ನಕ್ಕಾರು ಎಂಬ ಅಂಜಿಕೆ. ನಂಜನಗೂಡಿನ ದೇವರಿಗೆ ಹಕೀಮ್ ನಂಜುಂಡ ಎಂಬ ಹೆಸರು ಬಂದದ್ದು ಹೇಗೆ ನೆನಪಿಸಿಕೊಳ್ಳಿ. ಟಿಪ್ಪು ಸುಲ್ತಾನನ ಆನೆಗೆ ಕಣ್ಣು ಕಾಣದಾದಾಗ ಇಲ್ಲಿ ಪೂಜೆ ಮಾಡಿಸಿದ ಮೇಲೆ ವಾಸಿಯಾಯಿತು, ಅದಕ್ಕೇ ಹಕೀಮ ಎಂದು ಕರೆದ ಎನ್ನುತ್ತಾರೆ. ಆನೆಗಾಗಿ ಹರಕೆ ಹೊತ್ತ ನಾಡಿನಲ್ಲಿ ಬೆಕ್ಕಿಗಾಗಿ ಆಸ್ಪತ್ರೆ ಮೆಟ್ಟಿಲು ಹತ್ತಲು ಸಂಕೋಚ ಏಕೆ? ಎರಡೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. 1962 ಪಶು ಸಹಾಯವಾಣಿ, ಕರೆಗೆ ದುಡ್ಡಿಲ್ಲ. ಅದು ಮುಖ್ಯವಾಗಿ ದನ, ಕುರಿ, ಮೇಕೆಗೆ ಇರುವ ಸೇವೆ. ಆದರೂ ಫೋನ್ ಮಾಡಿ ಕೇಳುವುದರಲ್ಲಿ ತಪ್ಪಿಲ್ಲ. ರಾಗಿ ಚೀಲ, ಭತ್ತದ ಮೂಟೆ, ರೇಷ್ಮೆ ಹುಳುವಿನ ತಟ್ಟೆ ಕಾಯುವ ಜೀವ ಅದು.

ಓದುಗರಲ್ಲಿ ನಾವು ಕೇಳಿಕೊಳ್ಳುವುದು ಎರಡೇ. ಇವತ್ತು ಮನೆಯಲ್ಲಿರುವ ಕುಂಡಗಳನ್ನು ಒಂದೊಂದಾಗಿ ನೋಡಿ, ಹೆಸರು ಗೊತ್ತಿಲ್ಲದ ಗಿಡದ ಫೋಟೊ ತೆಗೆದು ಫೋನಿನಲ್ಲೇ ಹುಡುಕಿ. ಅದರಲ್ಲೂ ಗೊತ್ತಾಗದಿದ್ದರೆ ಮನೆಯ ಹಿರಿಯರಿಗೆ ಚಿಗುರು ತೋರಿಸಿ ಕೇಳಿ. ಇನ್ನೊಂದು, ಬೆಕ್ಕಿಗೆ ಹುಷಾರಿಲ್ಲದಾಗ ಪಕ್ಕದ ಮನೆಯ ಬಾಗಿಲು ಬಡಿಯುವ ಮೊದಲು ನಿಮ್ಮ ಮನೆಯ ಟಿ.ವಿ. ಪಕ್ಕ ಒಂದು ಸಲ ನೋಡಿ.